ಹಳೇ ಮನೆ ಕೊಳ್ಳುವವರಿಗೆ: ಅಡ್ವಾನ್ಸ್ ಕೊಡುವ ಮುಂಚೆ ಇಂಜಿನಿಯರಿಗೆ ತೋರಿಸಿ

ಮಂಗಳೂರು, ಉಡುಪಿ ಕಡೆ ಹಳೇ ಮನೆ ನೋಡುತ್ತಿರುವವರು ದಯವಿಟ್ಟು ಒಬ್ಬ ಸಿವಿಲ್ ಇಂಜಿನಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾವು ಸುರತ್ಕಲ್ ಹತ್ತಿರ ಏಪ್ರಿಲ್‌ನಲ್ಲಿ ಮನೆ ನೋಡಿ ಒಪ್ಪಿಬಿಟ್ಟೆವು. ಹೊಸ ಪೇಂಟ್, ಗೋಡೆಯೆಲ್ಲ ಫಳಫಳ. ಜುಲೈ ಬಂದಾಗ ಮಲಗುವ ಕೋಣೆಯಲ್ಲಿ ಬಕೆಟ್ ಇಡಬೇಕಾಯಿತು.

ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಸಾಧ್ಯವಾದರೆ ಮಳೆಗಾಲದಲ್ಲೇ ಮನೆ ನೋಡಿ. ಸಮುದ್ರ ಹತ್ತಿರವಿದ್ದರೆ ಸ್ಲ್ಯಾಬ್, ಸನ್‌ಶೇಡ್‌ಗಳ ಅಡಿಭಾಗ ಬಹಳ ಮುಖ್ಯ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಬಿರಿದು ಉದುರುತ್ತದೆ. ಸರಳಿನ ಗುಂಟ ನೇರವಾಗಿ ಬಿರುಕು ಓಡಿದ್ದರೆ ಅದು ಸಿಮೆಂಟ್ ಮೆತ್ತಿ ಮುಗಿಸುವ ಕೆಲಸವಲ್ಲ. ಹಂಚಿನ ಮನೆಯಾದರೆ ಹಂಚು ಹೊರುವ ಮರಗಳನ್ನು, ಅಂದರೆ ಪಕ್ಕಾಸು (ಇಳಿಜಾರಿನ ತೊಲೆ) ಮತ್ತು ರೀಪುಗಳನ್ನು (ಅಡ್ಡಪಟ್ಟಿ), ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ಸಲೀಸಾಗಿ ಒಳಗಿಳಿಯುತ್ತದೆ. ಕೆಂಪುಕಲ್ಲು ನೀರು ಹೀರುವ ಕಲ್ಲು, ಗೋಡೆಯ ಬುಡದಲ್ಲಿ ಕೈಯಿಟ್ಟು ತೇವ ಪರೀಕ್ಷಿಸಿ.

ಬಾವಿ ಮಾತ್ರ ಮೇ ತಿಂಗಳಲ್ಲೇ ನೋಡಬೇಕು. ಕಡಲ ಬದಿಯಲ್ಲಿ ಆಗ ನೀರು ಉಪ್ಪಾಗುವುದುಂಟು.

ಇಂಜಿನಿಯರ್ ಕಂಡದ್ದನ್ನೆಲ್ಲ ಫೋಟೋ ಸಮೇತ ಬರೆಸಿಕೊಳ್ಳಿ. ರಿಪೇರಿ ಖರ್ಚಿನ ಅಂದಾಜೂ ಅದರಲ್ಲಿರಲಿ, ರೇಟು ಮಾತಾಡುವಾಗ ಬೇಕಾಗುತ್ತದೆ.