ಚಿಪ್ಸ್ ಪ್ಯಾಕೆಟ್ಟಿಗೂ ಬಿಲ್ ಹಾಕಿದೆವು

ತೀರ್ಥಹಳ್ಳಿ ಕಡೆಯ ನಮ್ಮ ಒಣಕಸ ಘಟಕದಿಂದ ಎಂಎಲ್‌ಪಿ (ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ಟಿನಂಥ ಬಹುಪದರದ ಪ್ಲಾಸ್ಟಿಕ್) ಲೋಡ್ ಸಿಮೆಂಟ್ ಫ್ಯಾಕ್ಟರಿಗೆ ಉರುವಲಾಗಿ ಹೋಗಿ, ಅದರ ದುಡ್ಡು ಒಕ್ಕೂಟದ ಖಾತೆಗೆ ಬೀಳಲು ಶುರುವಾಗಿ ಇದು ಎರಡನೇ ವರ್ಷ. "ಚಿಪ್ಸ್ ಪ್ಯಾಕೆಟ್ಟಿಗೆ ಯಾರು ದುಡ್ಡು ಕೊಡ್ತಾರೆ ಮಾರಾಯ್ತಿ" ಅಂದವರು ಪಂಚಾಯ್ತಿಯಲ್ಲೂ ಇದ್ದರು, ಗುಜರಿ ಅಂಗಡಿಯಲ್ಲೂ ಇದ್ದರು. ಈಗ ಬೇರೆ ಘಟಕಗಳ ಅಕ್ಕಂದಿರು ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪೆಟ್ ಬಾಟ್ಲಿ, ಹಾಲಿನ ಕವರ್, ರಟ್ಟು ಇವುಗಳ ವಿಷಯ ನಿಮಗೆಲ್ಲ ಗೊತ್ತೇ ಇದೆ, ಬಿಡಿ.

ಮೊದಲು ತಲೆಯಲ್ಲಿ ಕೂರಬೇಕಾದ್ದು ಇಷ್ಟು: ಆ ಪ್ಯಾಕೆಟ್ಟಿಗೆ ವಾರಸುದಾರರಿದ್ದಾರೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮವೇ ತಯಾರಕರ ಮೇಲೆ ಹೊಣೆ ಹಾಕಿತ್ತು. 2022ರ ಫೆಬ್ರವರಿಯಲ್ಲಿ ಅದಕ್ಕೆ ಲೆಕ್ಕ ಕೊಟ್ಟರು. ತಾವು ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗ್ ಪ್ಲಾಸ್ಟಿಕ್ಕಿನಲ್ಲಿ ಇಷ್ಟು ಪಾಲು ವಿಲೇವಾರಿ ಮಾಡಿಸಬೇಕು ಅಂತ: 2021-22ಕ್ಕೆ ಶೇ 25, ಮರುವರ್ಷ ಶೇ 70, 2023-24ರಿಂದ ಪೂರ್ತಿ ನೂರು. ನಮ್ಮ ಚಿಪ್ಸ್, ಬಿಸ್ಕತ್ತಿನ ಬೆಳ್ಳಿ ಪ್ಯಾಕೆಟ್, ಅಂದರೆ ಪ್ಲಾಸ್ಟಿಕ್ ಜೊತೆ ಬೇರೆ ಪದರವೂ ಇರುವಂಥದ್ದು, ಮೂರನೇ ವರ್ಗ. ಇಷ್ಟು ಕಸ ವಿಲೇವಾರಿ ಆಯಿತು ಅನ್ನುವ ಸರ್ಟಿಫಿಕೇಟ್ ನಮ್ಮಲ್ಲಿ ಹುಟ್ಟುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾದ ಪ್ರೊಸೆಸರ್, ಅಂದರೆ ಕಸವನ್ನು ಕೊನೆಗೆ ಕರಗಿಸುವವರು ಇಲ್ಲವೇ ಸುಡುವವರ ಹತ್ತಿರ ಹುಟ್ಟುತ್ತದೆ, ಪ್ಯಾಕೆಟ್ ಮಾರಿದ ಕಂಪನಿ ಅದನ್ನು ಕೊಳ್ಳುತ್ತದೆ. ನಾವು ಮಾರುವುದು ಒಣಗಿದ ಕಸ ಮತ್ತು ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಸಾಕ್ಷಿ. ಈ ಎರಡಕ್ಕೇ ಬೆಲೆ ಅಂತ ಗೊತ್ತಾಗುವ ಹೊತ್ತಿಗೆ ನಮ್ಮ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಗಿತ್ತು.

ಹೋದದ್ದು ಹೀಗೆ. ಮೊದಲ ಲೋಡು ಜುಲೈಯಲ್ಲಿ. ಆಗುಂಬೆಯ ಮಗ್ಗುಲಿನ ಮಳೆ, ಶೆಡ್ಡಿನ ಒಳಗಿದ್ದರೂ ಕಸ ನೀರು ಹಿಡಿಯುತ್ತದೆ. ಚೀಲಕ್ಕೆ ತುಂಬಿ ಹಾಗೇ ಕಳಿಸಿದೆವು. ಲಾರಿ ತುಂಬಿ ಕಂಡರೂ ತೂಕ ಎರಡೂವರೆ ಟನ್ ಅಷ್ಟೇ. ಬಾಡಿಗೆ ಇಪ್ಪತ್ನಾಲ್ಕು ಸಾವಿರ. ಕಿಲೋಗೆ ಒಂಬತ್ತೂವರೆ ರೂಪಾಯಿ ಸಾಗಾಟಕ್ಕೇ ಹೋದರೆ ಉಳಿಯುವುದೇನು? ಗೇಟಿನಲ್ಲಿ ತೇವ ನೋಡಿ ಲೋಡು ವಾಪಸ್. ಸಿಮೆಂಟ್ ಸುಡುವ ಗೂಡು, ಅಂದರೆ ಕಿಲ್ನ್ ಒಳಗೆ 1,450 ಡಿಗ್ರಿ ಕಾವು ಬೇಕು, ಒದ್ದೆ ಕಸ ಹಾಕಿದರೆ ಆ ಕಾವು ನೀರು ಆರಿಸುವುದಕ್ಕೇ ಖರ್ಚು. ಅವರು ಬೇಡ ಅಂದದ್ದರಲ್ಲಿ ತಪ್ಪಿರಲಿಲ್ಲ.

ತೂಕದ ಸಮಸ್ಯೆ, ಕಸವನ್ನು ಒತ್ತಿ ಗಟ್ಟಿ ಕಟ್ಟು (ಬೇಲ್) ಮಾಡುವ ಬೇಲಿಂಗ್ ಮೆಷಿನ್‌ನಿಂದ ಮುಗಿಯಿತು. ಹಳೇದು, ಎರಡೂವರೆ ಲಕ್ಷದ ಆಸುಪಾಸು, ಒಕ್ಕೂಟದ ಸಾಲ. ಈಗ ಅದೇ ಲಾರಿಯಲ್ಲಿ ಎಂಟು ಟನ್ ಕೂರುತ್ತದೆ, ಸಾಗಾಟ ಕಿಲೋಗೆ ಮೂರು ರೂಪಾಯಿಗೆ ಇಳಿಯಿತು.

ತೇವದ್ದು ಅಷ್ಟು ಸುಲಭ ಇರಲಿಲ್ಲ. ಫ್ಯಾನ್ ಹಾಕಿದೆವು, ಕರೆಂಟ್ ಬಿಲ್ ಬಂತು. ಸೌದೆ ಒಲೆಯ ಮೇಲೆ ಅಟ್ಟ ಕಟ್ಟಿ ನೋಡಿದೆವು. ಪ್ಯಾಕೆಟ್ ಮುದುಡಿ ವಾಸನೆ ಎದ್ದು ಅವತ್ತೇ ಇಳಿಸಿದೆವು. ಆಮೇಲೆ ಕಣ್ಣಿಗೆ ಬಿದ್ದದ್ದು ಅಡಿಕೆ ಒಣಗಿಸುವ ಪಾಲಿಹೌಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಲ್ಲಿ ಎಷ್ಟೋ ಪಾಲಿಹೌಸ್ ಖಾಲಿ ಬಿದ್ದಿರುತ್ತವೆ. ಮಾಲೀಕರನ್ನು ಕೇಳಿದಾಗ, "ಎಂಥ ತಂಗಿ, ನನ್ನ ಅಡಿಕೆ ಮನೇಲಿ ಊರ ಕಸ ಹರಡ್ತೀಯ?" ಅಂದರು. "ತೊಳೆದು ಕೊಡ್ತೀವಿ ಅಣ್ಣ, ವಾಸನೆ ಬಂದ್ರೆ ಮಾರನೇ ದಿನ ಖಾಲಿ ಮಾಡ್ತೀವಿ" ಅಂದೆ. ತಿಂಗಳಿಗೆ ಮೂರು ಸಾವಿರಕ್ಕೆ ಒಪ್ಪಿದರು. ಈ ವರ್ಷ ಅವರೇ ಫೋನ್ ಮಾಡಿ ಕೇಳಿದರು.

ಆದರೂ ಮೊದಲ ವಾರ ಒಣಗಲಿಲ್ಲ. ಪ್ಯಾಕೆಟ್ಟಿನ ತಳ ಮುಚ್ಚಿರುತ್ತದೆ, ಒಳಗೆ ಒಂದು ಚಮಚ ನೀರು, ಮಸಾಲೆ, ಎಣ್ಣೆ ಸೇರಿ ಕೂತಿರುತ್ತದೆ. ಅದನ್ನು ಬಿಡಿಸಿದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿ. ನಮ್ಮ ಘಟಕದವರೆಲ್ಲ ಅಡಿಕೆ ಸುಲಿದ ಕೈ. ಪ್ಯಾಕೆಟ್ಟಿನ ಅಂಚನ್ನು ಕತ್ತಿಗೆ ತಾಗಿಸಿ ಎಳೆದರೆ ಸರ್ರನೆ ಸೀಳಿ, ಬೆಳ್ಳಿ ಮೈ ಮೇಲಾಗಿ ಅಗಲ ಬಿಚ್ಚಿಕೊಳ್ಳುತ್ತದೆ. ಒಬ್ಬರು ಗಂಟೆಗೆ ಮೂಟೆ ಮುಗಿಸುತ್ತಾರೆ. ಹರಡುವುದಕ್ಕೂ ಒಂದು ಕ್ರಮ ಇದೆ, ಅದರಿಂದ ಒಣಗುವ ಹೊತ್ತು ಅರ್ಧಕ್ಕೆ ಇಳಿಯಿತು. ಅದನ್ನು ಬರೆಯುವುದಿಲ್ಲ, ಘಟಕಕ್ಕೆ ಬಂದವರಿಗೆ ತೋರಿಸುತ್ತೇನೆ.

ಪಿವಿಸಿ ಬಗ್ಗೆ ಹುಷಾರು. ಮಾತ್ರೆ ಶೀಟ್, ಫ್ಲೆಕ್ಸ್, ಪೈಪ್ ಚೂರು, ರೆಕ್ಸಿನ್ ಒಂದೂ ಬೇಲ್ ಒಳಗೆ ಹೋಗಬಾರದು. ಅದರಲ್ಲಿರುವ ಕ್ಲೋರಿನ್ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಚ್ಚಾಪುಡಿಯನ್ನು ಮೊದಲು ಕಾಯಿಸುವ ಪ್ರೀಹೀಟರ್‌ನಲ್ಲಿ ಗಟ್ಟಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಜಾತ್ರೆ, ಚುನಾವಣೆ ಮುಗಿದ ವಾರ ಫ್ಲೆಕ್ಸ್ ನೋಡುವುದಕ್ಕೇ ಒಬ್ಬರನ್ನು ಕೂರಿಸುತ್ತೇವೆ.

ಇನ್ನು ಏಜೆನ್ಸಿ. ಕಂಪನಿಗಳ ಪರವಾಗಿ ಕಸ ಎತ್ತಿಸುವವರು. ಮೊದಲು ಬಂದವರು ನಾಲ್ಕು ಟನ್ ಎತ್ತಿ ಹತ್ತು ಟನ್ನಿಗೆ ಸಹಿ ಹಾಕಿ ಅಂದರು. ಹಾಕಲಿಲ್ಲ. ನಾಲ್ಕರ ದುಡ್ಡೂ ಏಳೆಂಟು ತಿಂಗಳು ತಡವಾಗಿ ಬಂತು. ಊರಲ್ಲಿ "ಸಹಿ ಹಾಕಿದ್ರೆ ಏನಾಗ್ತಿತ್ತು" ಅಂದವರೂ ಇದ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ತಪಾಸಣೆ ಮಾಡಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಹಿಡಿಯಿತಲ್ಲ, ನಮ್ಮನ್ನು ಕೇಳಿದ್ದು ಅದೇ ಜಾತಿಯ ಕೆಲಸ. ಇಲ್ಲದ ಕಸವನ್ನು ಕಾಗದದಲ್ಲಿ ಸುಟ್ಟರೆ ಇರುವ ಕಸ ತುಂಗೆಗೇ ಹೋಗುವುದು. ಈಗಿನ ಏಜೆನ್ಸಿಗೆ ನಾವು ಪ್ರತಿ ಬೇಲ್‌ಗೆ ನಂಬರ್, ಯಾವ ಪಂಚಾಯ್ತಿಯ ಕಸ, ವೇ ಬ್ರಿಡ್ಜ್ ಚೀಟಿ, ಲಾರಿ ಫೋಟೋ ಎಲ್ಲ ಕೊಡುತ್ತೇವೆ. ಕಿಲೋಗೆ ಐದು ರೂಪಾಯಿ ಸಿಕ್ಕಿದ್ದು ಆ ಫೈಲಿನಿಂದ. ಸಾಗಾಟ ಕಳೆದು ಎರಡು ಉಳಿಯುತ್ತದೆ. ದೊಡ್ಡ ದುಡ್ಡಲ್ಲ, ಆದರೆ ಮೊದಲು ಇದೇ ಕಸಕ್ಕೆ ಗುಂಡಿ ತೋಡಿಸಲು ನಾವೇ ದುಡ್ಡು ಕೊಡುತ್ತಿದ್ದೆವು.

ನಡುವೆ ತೋಟದ ಕೊಟ್ಟೆ, ಅಂದರೆ ಮಳೆಗೆ ಅಡಿಕೆ ಗೊನೆ ಮುಚ್ಚುವ ಪ್ಲಾಸ್ಟಿಕ್ ಕೂಡ ಎತ್ತಿ ನೋಡಿದೆವು. ಒಂದು ಮಳೆಗಾಲ ಗೊನೆಗೆ ಕಟ್ಟಿ ಬಿಚ್ಚಿದ್ದು ಕೈಯಲ್ಲೇ ಪುಡಿಯಾಗುತ್ತದೆ, ಪಕ್ಕದ ಗೊನೆಗೆ ಕೊಳೆರೋಗಕ್ಕೆ ಹೊಡೆದ ಬೋರ್ಡೋ ಔಷಧಿ ಸಿಡಿದು ತಿಳಿನೀಲಿ ಸುಣ್ಣ ಮೆತ್ತಿರುತ್ತದೆ. ಹಳೇ ಪ್ಲಾಸ್ಟಿಕ್ ಕರಗಿಸಿ ದಾಣಿ (ಕಾಳು) ಮಾಡುವವರು ಮುಟ್ಟಲಿಲ್ಲ. ಆ ಕೆಲಸ ಬಾಕಿ ಇದೆ.

ನನಗೆ ಹೊಟ್ಟೆ ಉರಿಯುವುದು ಗುಟ್ಕಾ ಚೀಟಿಗೆ. ಗುಟ್ಕಾ, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಲೇಬಾರದು ಅಂತ 2016ರ ನಿಯಮದಲ್ಲೇ ಇದೆ. ಬಸ್ ಸ್ಟ್ಯಾಂಡ್ ಚರಂಡಿಯಲ್ಲಿ ಗುಡಿಸಿದ ಚೀಟಿ ಸುಟ್ಟು ನೋಡಿ, ಎಷ್ಟೋ ಚೀಟಿ ಕರಗಿ ತೊಟ್ಟಿಕ್ಕುತ್ತವೆ, ಪ್ಲಾಸ್ಟಿಕ್ ಇದೆ ಅಂತಲೇ ಅರ್ಥ. ನಮ್ಮ ತೋಟದ ಅಡಿಕೆಯೇ ಅದರೊಳಗೆ ಹೋಗುವುದು, ಹಾಗಾಗಿ ನಮ್ಮವರು ಈ ಮಾತು ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಬ್ರಾಂಡ್ ಪ್ರಕಾರ ಚೀಟಿ ಬೇರೆ ಮಾಡಿ, ತಯಾರಕರ ಹೆಸರು, ನೋಂದಣಿ ನಂಬರ್ ಇರುವವು ಎಷ್ಟು, ಇಲ್ಲದವು ಎಷ್ಟು ಅಂತ ಬರೆದಿಡುತ್ತಿದ್ದೇವೆ. ಒಂದು ಪ್ರತಿ ಜಿಲ್ಲಾ ಪಂಚಾಯ್ತಿಗೆ ಹೋಗಿದೆ.

ಬೇಲ್‌ಗಳನ್ನು ಜನವರಿವರೆಗೆ ಕೂಡಿಡಿ. ಮಾರ್ಚ್ ಒಳಗೆ ವರ್ಷದ ಗುರಿ ಮುಗಿಸಬೇಕಾದವರು ಆಗ ತಾವೇ ಫೋನ್ ಮಾಡುತ್ತಾರೆ. ಈ ಸಲ ನಾವು ಆರು ರೂಪಾಯಿ ಕೇಳಿದ್ದೇವೆ, ಅವರು ಐದೂವರೆವರೆಗೆ ಬಂದಿದ್ದಾರೆ.