ಬ್ಯಾಗು ಅವಳೇ ತುಂಬಲಿ: ಪುಣೆಯಲ್ಲಿ ಮಗಳನ್ನು ಗೈಡ್ಸ್‌ಗೆ ಸೇರಿಸುವ ಮೊದಲು

ನನ್ನ ಮಗಳ ಮೊದಲ ಕ್ಯಾಂಪಿಗೆ ಬ್ಯಾಗು ತುಂಬಿದವಳು ನಾನು. ಸ್ವೆಟರನ್ನು ತಳಕ್ಕೆ ಹಾಕಿ, ಟಾರ್ಚನ್ನು ಒಡೆಯಬಾರದೆಂದು ಸಾಕ್ಸ್ ಒಳಗೆ ಸೇರಿಸಿ ಇಟ್ಟಿದ್ದೆ. ಡಿಸೆಂಬರ್ ತಿಂಗಳು. ಪುಣೆಯ ಚಳಿ ಗೊತ್ತಲ್ವಾ, ಬಯಲಲ್ಲಿ ಇನ್ನೂ ಜಾಸ್ತಿ. ರಾತ್ರಿ ಟೆಂಟಿನ ಕತ್ತಲಲ್ಲಿ ಅವಳಿಗೆ ಟಾರ್ಚೂ ಸಿಗಲಿಲ್ಲ, ಸ್ವೆಟರೂ ಸಿಗಲಿಲ್ಲ. ಪಕ್ಕದಲ್ಲಿ ಮಲಗಿದ್ದ ಹುಡುಗಿ ತನ್ನ ಬ್ಯಾಗಿಗೆ ಕೈ ಹಾಕಿದವಳೇ ಟಾರ್ಚ್ ತೆಗೆದು ಕೊಟ್ಟಳಂತೆ. ಅವಳ ಬ್ಯಾಗಿನಲ್ಲಿ ಬಟ್ಟೆ ಮುದ್ದೆ ಮುದ್ದೆಯಾಗಿತ್ತು. ಆದರೆ ತುಂಬಿದವಳು ಅವಳೇ.

ಮಗಳನ್ನು ಗೈಡ್ಸ್‌ಗೆ ಸೇರಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಟಾರ್ಚಿನ ಕಥೆಯನ್ನೇ.

ಸ್ಕೌಟ್ಸ್ ಗೊತ್ತು, ಗೈಡ್ಸ್ ಅಂದರೆ?

ನಮ್ಮ ದೇಶದಲ್ಲಿ ಹುಡುಗರ ತಂಡಕ್ಕೆ ಸ್ಕೌಟ್ಸ್, ಹುಡುಗಿಯರ ತಂಡಕ್ಕೆ ಗೈಡ್ಸ್ ಎಂದು ಹೆಸರು. ಎರಡೂ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಅಡಿಯಲ್ಲೇ ಇವೆ. ಸ್ಕೌಟ್ ಸಂಘಟನೆಗಳು 1950ರಲ್ಲಿ ಒಂದಾದವು, ಮರುವರ್ಷ ಗೈಡ್ಸ್ ಕೂಡ ಸೇರಿಕೊಂಡಿತು. ಆದರೆ ಗೈಡ್ ತಂಡದಲ್ಲಿ ಇರುವವರೆಲ್ಲ ಹುಡುಗಿಯರೇ, ನಡೆಸುವವರೂ ಮಹಿಳೆಯೇ. ಅವರನ್ನು ಗೈಡ್ ಕ್ಯಾಪ್ಟನ್ ಎನ್ನುತ್ತಾರೆ.

ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ಮೇಳ ನಡೆದಾಗ ಕೆಲವು ಹುಡುಗಿಯರು ಯಾರೂ ಕರೆಯದಿದ್ದರೂ ತಾವೇ ಬಂದು ನಿಂತರು. ನಮಗೂ ಬೇಕು ಎಂದರು. ಮರುವರ್ಷ, ಸ್ಕೌಟ್ಸ್ ಶುರುಮಾಡಿದ ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಮುಂದಾಳತ್ವದಲ್ಲಿ ಗೈಡ್ಸ್ ಶುರುವಾಯಿತು. ಭಾರತದಲ್ಲಿ ಮೊದಲ ತಂಡ ಕಟ್ಟಿದ್ದು 1911ರಲ್ಲಿ, ಜಬಲ್‌ಪುರದಲ್ಲಿ.

ಪುಣೆಯಲ್ಲಿರುವ ನಮಗೆ ಇನ್ನೊಂದು ಹೆಮ್ಮೆ ಇದೆ. ಜಗತ್ತಿನ ಗೈಡ್ಸ್‌ಗೆ ಇರುವ ವಿಶ್ವ ಕೇಂದ್ರಗಳಲ್ಲಿ ಒಂದು ಇಲ್ಲೇ, ಆಳಂದಿ ರಸ್ತೆಯಲ್ಲಿದೆ. ಹೆಸರು ಸಂಗಮ್. ಬೇಡನ್ ಪೊವೆಲ್ ಅವರ ಹೆಂಡತಿ ಒಲೇವ್ ಅವರೇ ಬಂದು 1966ರಲ್ಲಿ ಅದನ್ನು ಉದ್ಘಾಟಿಸಿದರು. ಕೂಡಲಸಂಗಮ ನೋಡಿ ಬೆಳೆದವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ದೇಶಗಳ ಹುಡುಗಿಯರು ಅಲ್ಲಿ ಬಂದು ಸೇರುತ್ತಾರೆ.

ಮೊದಲು ಶಾಲೆಯಲ್ಲಿ ಕೇಳಿ

ನಮ್ಮಲ್ಲಿ ಹೆಚ್ಚಿನ ಗೈಡ್ ತಂಡಗಳು ಶಾಲೆಯ ಒಳಗೇ ನಡೆಯುತ್ತವೆ. ಹಾಗಾಗಿ ಮೊದಲು ಕ್ಲಾಸ್ ಟೀಚರನ್ನು ಕೇಳಿ. ಮಗಳ ಶಾಲೆಯಲ್ಲಿ ಇಲ್ಲ ಅಂದರೆ ಬಿಡಬೇಡಿ. ಶಾಲೆಯ ಹೊರಗೆ ನಡೆಯುವ ಮುಕ್ತ ತಂಡಗಳೂ ಇರುತ್ತವೆ. ಸಂಸ್ಥೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ಹತ್ತಿರದ್ದು ಯಾವುದು ಎಂದು ಹೇಳುತ್ತಾರೆ.

ವಯಸ್ಸು ನೋಡಿಕೊಳ್ಳಿ. ಪ್ರಾಥಮಿಕ ಶಾಲೆಯ ಚಿಕ್ಕ ಹುಡುಗಿಯರು ಬುಲ್‌ಬುಲ್. ಹತ್ತು ತುಂಬಿದ ಮೇಲೆ ಗೈಡ್. ಕಾಲೇಜಿನ ಹೊತ್ತಿಗೆ ರೇಂಜರ್, ಅದು 25ರ ತನಕ.

ಸಹಿ ಹಾಕುವ ಮೊದಲು ಕೇಳಬೇಕಾದ್ದು

ಇಲ್ಲಿ ಸಂಕೋಚ ಬೇಡ. ಕ್ಯಾಪ್ಟನ್ ತರಬೇತಿ ಪಡೆದಿದ್ದಾರಾ? ತಂಡದ ನೋಂದಣಿ ಈ ವರ್ಷ ನವೀಕರಣ ಆಗಿದೆಯಾ? ಕ್ಯಾಂಪಿಗೆ ಹೋದಾಗ ಜೊತೆಗೆ ಎಷ್ಟು ಜನ ಮಹಿಳೆಯರು ಇರುತ್ತಾರೆ? ಮಲಗುವುದು ಎಲ್ಲಿ, ಶೌಚಾಲಯ ಎಷ್ಟು ದೂರ? ರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆ, ಯಾರ ಗಾಡಿ? ಒಳ್ಳೆಯ ಕ್ಯಾಪ್ಟನ್ ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಖುಷಿಪಡುತ್ತಾರೆ. ಉತ್ತರ ಹಾರಿಕೆಯದ್ದಾದರೆ ಬೇರೆ ತಂಡ ನೋಡಿ.

ಖರ್ಚು ಹೀಗೆ: ನೋಂದಣಿ, ನೀಲಿ ಸಮವಸ್ತ್ರ, ಸ್ಕಾರ್ಫ್, ಬೆಲ್ಟ್, ಆಮೇಲೆ ಆಗಾಗ ಕ್ಯಾಂಪಿನ ಹಣ. ಸಮವಸ್ತ್ರವನ್ನು ಮೊದಲ ವಾರವೇ ಹೊಲಿಸಬೇಡಿ. ಅವಳು ನಾಲ್ಕು ವಾರ ಹೋಗಿ ಬರಲಿ. ದೊಡ್ಡ ಹುಡುಗಿಯರಿಗೆ ಚಿಕ್ಕದಾದದ್ದು ಸಿಕ್ಕರೆ ಅದೇ ಸಾಕು.

ಮೊದಲ ತಿಂಗಳುಗಳು

ವಾರಕ್ಕೊಂದು ಸಭೆ ಇರುತ್ತದೆ. ಧ್ವಜ, ಪ್ರಾರ್ಥನೆ, ಆಟ, ಕಲಿಕೆ, ಹಾಡು. ಪ್ರಾರ್ಥನೆ ಹಿಂದಿಯಲ್ಲಿ, ಮೈದಾನದ ಮಾತೆಲ್ಲ ಮರಾಠಿಯಲ್ಲಿ. ಮನೆಯಲ್ಲಿ ಬರೀ ಕನ್ನಡ ಆಡುವ ಮಕ್ಕಳು ಮೊದಲು ಸ್ವಲ್ಪ ಮುದುಡುತ್ತಾರೆ. ನನ್ನ ಮಗಳೂ ಮುದುಡಿದ್ದಳು. ಆಟ ಶುರುವಾದ ಮೇಲೆ ಅದೆಲ್ಲ ತಾನಾಗಿಯೇ ಹೋಯಿತು.

ತಂಡವನ್ನು ಆರರಿಂದ ಎಂಟು ಹುಡುಗಿಯರ ಗುಂಪುಗಳಾಗಿ ಮಾಡುತ್ತಾರೆ. ಅದಕ್ಕೆ ಪಟ್ರೋಲ್ ಎನ್ನುತ್ತಾರೆ. ಗೈಡ್ಸ್‌ನಲ್ಲಿ ಪಟ್ರೋಲ್‌ಗೆ ಹೂವಿನ ಹೆಸರು ಇಡುವುದು ರೂಢಿ. ಪಟ್ರೋಲ್ ಲೀಡರ್ ಕೂಡ ಒಬ್ಬ ಹುಡುಗಿಯೇ. ಯಾರು ಕಟ್ಟಿಗೆ ತರಬೇಕು, ಯಾರು ನೀರು ತರಬೇಕು ಎಂದು ಹಂಚುವವಳು ಹದಿಮೂರು ವರ್ಷದ ಅವಳು. ನೀವು ಬೇಲಿಯ ಹೊರಗೆ ನಿಂತು 'ಹಾಗಲ್ಲ ಪುಟ್ಟಿ, ಹೀಗೆ' ಅಂದರೆ ಆ ಕೆಲಸವೇ ಕೆಡುತ್ತದೆ. ಬಿಟ್ಟು ಬನ್ನಿ, ಮುಗಿದ ಮೇಲೆ ಕರೆದುಕೊಂಡು ಹೋಗಿ.

ಕೆಲವು ತಿಂಗಳ ನಂತರ ದೀಕ್ಷೆ ಇರುತ್ತದೆ. ಮೂರು ಬೆರಳೆತ್ತಿ ಅವಳು ವಚನ ಸ್ವೀಕರಿಸುತ್ತಾಳೆ. ಅದರಲ್ಲಿ 'ದೇವರು' ಎಂಬ ಮಾತಿನ ಬದಲು 'ಧರ್ಮ' ಎನ್ನಲೂ ಅವಕಾಶವಿದೆ. ಆವತ್ತು ರಜೆ ಹಾಕಿಯಾದರೂ ಹೋಗಿ. ಅಪ್ಪನೂ ಹೋಗಲಿ. ಅಲ್ಲಿಂದ ಮುಂದೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಹಂತಗಳು, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಇದು ವರ್ಷಗಟ್ಟಲೆಯ ದಾರಿ. ಸರ್ಟಿಫಿಕೇಟಿನ ಆಸೆಗೆ ಅವಸರ ಮಾಡಬೇಡಿ.

ಮನೆಯಲ್ಲಿ ಕಾಣುವ ಬದಲಾವಣೆ

ಮನೆಯ ಹಗ್ಗಗಳೆಲ್ಲ ಕಾಣೆಯಾಗುತ್ತವೆ. ಮಂಚದ ಕಾಲು, ಕಿಟಕಿಯ ಸರಳು, ಎಲ್ಲದಕ್ಕೂ ಗಂಟು. ಇದನ್ನು ಸುಮ್ನೆ ಆಟ ಅಂದುಕೊಳ್ಳಬೇಡಿ.

ರೀಫ್ ಗಂಟನ್ನೇ ನೋಡಿ. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆ ತಿರುಗಿಸಿದರೆ ಗಂಟು ಓರೆಯಾಗಿ ಜಾರುತ್ತದೆ. ಸರಿಯಾಗಿ ಹಾಕಿದರೆ ಚಪ್ಪಟೆಯಾಗಿ ಕೂರುತ್ತದೆ. ಅದಕ್ಕೇ ಬ್ಯಾಂಡೇಜ್ ಬಟ್ಟೆಗೆ ಇದನ್ನು ಹಾಕುವುದು. ಮಗಳು ಅಭ್ಯಾಸಕ್ಕೆ ಹಿಡಿದದ್ದು ವಿಜಯಪುರದಿಂದ ಬಂದಿದ್ದ ನಮ್ಮ ಅತ್ತೆಯನ್ನು. ತ್ರಿಕೋನದ ಬಟ್ಟೆಯಲ್ಲಿ ಅಜ್ಜಿಯ ಕೈ ಕೂರಿಸಿ, ಗಂಟನ್ನು ಕತ್ತಿನ ಹಿಂದೆ ಬಿಡದೆ ಪಕ್ಕದ ತಗ್ಗಿಗೆ ಸರಿಸಿ, ತುದಿಗಳನ್ನು ಒಳಗೆ ಸೇರಿಸಿದಳು. "ಚುಚ್ಚೂದ ಇಲ್ಲಲ್ಲವಾ ಇದು!" ಅಂದರು ಅತ್ತೆ. "ಹೆಣ್ಣಮಗಳು ರಾತ್ರಿ ಹೊರಗ ಮಲಗೂದಂದ್ರ ಏನವ್ವಾ?" ಎಂದು ಒಂದು ತಿಂಗಳು ನನ್ನ ಜೊತೆ ವಾದಿಸಿದ್ದವರು ಅವರೇ. ಆಮೇಲೆ ಕ್ಯಾಂಪಿಗೆ ಶೇಂಗಾ ಚಟ್ನಿ ಪುಡಿ ಕಟ್ಟಿ ಕೊಟ್ಟರು.

ಮೊದಲ ಕ್ಯಾಂಪು

ಮೊದಲು ಒಂದು ದಿನದ ಹೈಕ್ ಇರುತ್ತದೆ, ಪುಣೆಯಲ್ಲಿ ಗುಡ್ಡಗಳಿಗೇನು ಬರ? ರಾತ್ರಿ ಉಳಿಯುವುದು ಆಮೇಲೆ.

ಪಟ್ಟಿ ನೀವು ಓದಿ, ತುಂಬುವುದು ಅವಳು. ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಕೈ ಹಾಕಿ ತೆಗೆಯಲು ಹೇಳಿ. ನಾವು ಎರಡನೇ ಸಲ ಹಾಗೇ ಮಾಡಿದೆವು. ಟಾರ್ಚ್ ಮೇಲಿನ ಜೇಬಿಗೆ ಬಂತು.

ಮುಟ್ಟಿನ ವಿಷಯ ಮುಚ್ಚಿಡಬೇಡಿ. ಹತ್ತು ಹನ್ನೊಂದಕ್ಕೇ ಶುರುವಾಗುವ ಕಾಲ ಇದು. ಇನ್ನೂ ಶುರುವಾಗಿರದಿದ್ದರೂ ನಾಲ್ಕು ಪ್ಯಾಡ್, ಒಂದು ಜೊತೆ ಒಳಉಡುಪು ಜಾಸ್ತಿ ಇರಲಿ. ಹೇಗೆ ಬಳಸುವುದು, ಎಲ್ಲಿ ಹಾಕುವುದು ಎಂದು ಮನೆಯಲ್ಲೇ ತೋರಿಸಿ ಕಳಿಸಿ. ಕ್ಯಾಪ್ಟನ್‌ಗೂ ಒಂದು ಮಾತು ಹೇಳಿಡಿ. ಹುಡುಗಿಯರೇ ಇರುವ ತಂಡದ ದೊಡ್ಡ ಅನುಕೂಲ ಇದೇ, ಅಲ್ಲಿ ಇದನ್ನು ಪಿಸುಗುಟ್ಟಿ ಹೇಳಬೇಕಾಗಿಲ್ಲ. ಅಲರ್ಜಿ, ಉಬ್ಬಸ, ದಿನದ ಮಾತ್ರೆ ಏನಿದ್ದರೂ ಬರೆದೇ ಕೊಡಿ.

ಕ್ಯಾಂಪಿಗೆ ಮಕ್ಕಳು ಫೋನು ತರಲು ಬಿಡುವುದಿಲ್ಲ. ಆ ರಾತ್ರಿ ನಿಮಗೆ ನಿದ್ದೆ ಬರುವುದು ಕಷ್ಟ. ಕ್ಯಾಪ್ಟನ್‌ಗೆ ಮತ್ತೆ ಮತ್ತೆ ಫೋನ್ ಮಾಡಬೇಡಿ, ಅವರ ಕೈಯಲ್ಲಿ ಮೂವತ್ತು ಮಕ್ಕಳಿರುತ್ತಾರೆ. 'ಅಮ್ಮ ಬೇಕು' ಎಂದು ಅವಳು ಅತ್ತರೂ ಸಾಮಾನ್ಯವಾಗಿ ಬೆಳಗಿನ ಹೊತ್ತಿಗೆ ಸರಿಹೋಗುತ್ತದೆ. ಮೈ ಹುಷಾರಿಲ್ಲದಿದ್ದರೆ ಅವರೇ ನಿಮಗೆ ಫೋನ್ ಮಾಡುತ್ತಾರೆ.

ವಾಪಸು ಬರುವಾಗ ಬಟ್ಟೆಯೆಲ್ಲ ಹೊಗೆ ವಾಸನೆ, ಗಂಟಲು ಕಟ್ಟಿರುತ್ತದೆ. ಮೊದಲು ಬಿಸಿ ನೀರು, ಆಮೇಲೆ ಅನ್ನ ಸಾರು, ನಿದ್ದೆ. ಕೇಳುವುದೆಲ್ಲ ನಾಳೆಗಿರಲಿ. ಬ್ಯಾಗು ಖಾಲಿ ಮಾಡುವುದೂ ಅವಳದೇ ಕೆಲಸ. ಒದ್ದೆ ಟವೆಲ್ ಮಾತ್ರ ಅದೇ ರಾತ್ರಿ ಹೊರಗೆ ಹಾಕಲು ಹೇಳಿ.