ಭತ್ತದ ಪುಸ್ತಕದ ಪುಟ ಸರಿ ಮಾಡಿದ್ದು – ನನ್ನ ಅನುಭವ

ನಮ್ಮ ಮಾವ ವರ್ಷಗಟ್ಟಲೆ ಬರೆದಿಟ್ಟ ಭತ್ತದ ಬೇಸಾಯದ ಟಿಪ್ಪಣಿನೆಲ್ಲ ಸರಳ ಗುರುತು ಹಾಕಿ ಬರೆಯೋ ಮಾರ್ಕ್‌ಡೌನ್‌ನಲ್ಲಿ ಟೈಪ್ ಮಾಡಿ, ಫೈಲನ್ನ ಬೇರೆ ರೂಪಕ್ಕೆ ಬದಲಿಸೋ ಪ್ಯಾಂಡಾಕ್, ಪುಟ ಜೋಡಿಸೋ ಝೀಲೇಟೆಕ್ ಅನ್ನೋ ಸಾಫ್ಟ್‌ವೇರ್ ಇಟ್ಕೊಂಡು ಡೆಮಿ 1/8 (ಸಾಮಾನ್ಯ ಪುಸ್ತಕದ) ಸೈಜಿಗೆ ಪಿಡಿಎಫ್ ತೆಗೆದೆ. ಮೊದಲ ಸಲ ಬಂದಿದ್ದು ಬರೀ ಖಾಲಿ ಪುಟ, ಅಲ್ಲಲ್ಲಿ ಅಂಕಿ ಮಾತ್ರ. ಡೀಫಾಲ್ಟ್ ಫಾಂಟಲ್ಲಿ ಕನ್ನಡ ಅಕ್ಷರನೇ ಇಲ್ಲ. ನೋಟೊ ಸೆರಿಫ್ ಕನ್ನಡ ಹಾಕಿದೆ, ಅಕ್ಷರ ಬಂತು, ಆದ್ರೆ ಒತ್ತುಗಳು ಕೆಳಗಿಳೀದೆ ಪಕ್ಕದಲ್ಲೇ ನಿಂತಿದ್ವು. ಫಾಂಟ್ ಆಪ್ಷನ್‌ನಲ್ಲಿ ಸ್ಕ್ರಿಪ್ಟ್ (ಲಿಪಿ) ಕನ್ನಡ ಅಂತ ಬೇರೆಯಾಗಿ ಹೇಳ್ಬೇಕು, ಹೇಳಿದ್ಮೇಲೆ ಸರಿಹೋಯ್ತು.

ನಿಜವಾಗ್ಲೂ ಸತಾಯಿಸಿದ್ದು ಬಲಗಡೆ ಮಾರ್ಜಿನ್. ‘ಬಿತ್ತನೆಗಿಟ್ಟುಕೊಂಡಿದ್ದರೆಂಬುದನ್ನು’ ಥರದ ಪದ ಬಂದ್ರೆ ಸಾಲು ದಾಟಿ ಹೊರಗೆ ಚಾಚ್ಕೊಳ್ತಿತ್ತು, ಲಾಗ್‌ನಲ್ಲಿ ಓವರ್‌ಫುಲ್ ಎಚ್‌ಬಾಕ್ಸ್ 18 ಪಾಯಿಂಟ್ ಅಂತ, ಅಂದ್ರೆ ಸಾಲು 6 ಮಿಲಿಮೀಟರ್‌ಗಿಂತ ಜಾಸ್ತಿ ಹೊರಗೆ ಹೋಗಿತ್ತು. ಎರಡು ದಿನ ಒಂದೊಂದೇ ವಾಕ್ಯ ತಿದ್ದಿ ಸಾಲು ಕೂರಿಸ್ತಾ ಹೋದೆ, ಅದು ತಪ್ಪು ದಾರಿ, ಯಾಕಂದ್ರೆ ಮಾವನ ಮಾತೇ ಬದಲಾಗ್ತಿತ್ತು. ಕೊನೆಗೆ ನೋಡಿದ್ರೆ ಡಾಕ್ಯುಮೆಂಟಿನ ಭಾಷೆ ಕನ್ನಡ ಅಂತ ನಾನು ಎಲ್ಲೂ ಬರೆದೇ ಇರ್ಲಿಲ್ಲ. ಫೈಲಿನ ಮೇಲ್ಗಡೆ ಲ್ಯಾಂಗ್ ಕೆಎನ್ (lang: kn) ಅಂತ ಒಂದು ಸಾಲು ಸೇರಿಸಿದೆ, ಕನ್ನಡದ ಹೈಫನೇಶನ್ ಪ್ಯಾಟರ್ನ್ (ಸಾಲಿನ ಕೊನೇಲಿ ಪದ ಎಲ್ಲಿ ಮುರೀಬೇಕು ಅನ್ನೋ ನಿಯಮ) ಕೆಲ್ಸ ಶುರು ಮಾಡ್ತು, ಪದ ಅಕ್ಷರದ ಗಡೀಲೇ ಮುರೀತು. ತಿದ್ದಿದ ವಾಕ್ಯನೆಲ್ಲ ವಾಪಸ್ ಹಾಕ್ದೆ.

ಆಮೇಲೆ ಸಾಲಿನ ಅಂತರ. ‘ಲಕ್ಷ್ಮಿ’ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತಿತ್ತು, 1.35 ಪಟ್ಟು ಕೊಟ್ಟೆ. ತಳಿಗಳ ಟೇಬಲ್‌ನಲ್ಲಿ ಹೆಸರಿನ ಕಾಲಂ ತೀರಾ ಕಿರಿದಾಗಿತ್ತು. ಪ್ಯಾಂಡಾಕ್‌ನಲ್ಲಿ | ಗುರುತಿಂದ ಬರೆಯೋ ಪೈಪ್ ಟೇಬಲ್‌ನ ಸಾಲು ಉದ್ದ ಆದ್ರೆ ತಲೆಬರಹದ ಕೆಳಗೆ ಹಾಕೋ ಸಣ್ಣ ಅಡ್ಡಗೆರೆಗಳ (-) ಸಂಖ್ಯೆ ನೋಡಿ ಕಾಲಂ ಅಗಲ ಹಂಚುತ್ತೆ, ಅಲ್ಲಿ ನಾಲ್ಕು ಗೆರೆ ಜಾಸ್ತಿ ಎಳೆದೆ ಅಷ್ಟೆ.

ಇನ್ನೊಂದು, ‘ಪಂಪ್‌ಸೆಟ್’ ಅನ್ನೋದು ಎಲ್ಲಾ ಕಡೆ ‘ಪಂಪ್ಸೆಟ್’ ಆಗಿತ್ತು! ಫಾಂಟ್ ಮೇಲೆ ಅನುಮಾನ ಪಟ್ಟೆ, ಆದ್ರೆ ನಾನೇ ಟೈಪಿಂಗ್ ಕಸ ತೆಗೆಯೋಕೆ ಬರೆದಿದ್ದ ಸ್ಕ್ರಿಪ್ಟು (ಚಿಕ್ಕ ಪ್ರೋಗ್ರಾಂ) ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಕ್ಷರನೂ ಗುಡಿಸಿ ಹಾಕಿತ್ತು. ಕನ್ನಡದಲ್ಲಿ ಅದು ಕಸ ಅಲ್ಲ, ಅರ್ಧಾಕ್ಷರ ಒತ್ತಾಗದೆ ನಿಲ್ಲೋದೇ ಅದರಿಂದ. ಮೂಲ ಫೈಲಿಂದ ಮತ್ತೆ ಶುರು ಮಾಡ್ದೆ.

ಪ್ರೆಸ್‌ನೋರು ಫಾರಂಗೆ (ಒಟ್ಟಿಗೆ ಅಚ್ಚಾಗೋ ಪುಟಗಳ ಕಟ್ಟು) 16 ಪುಟ ಅಂದ್ರು, ನಂದು 164 ಬಂದಿತ್ತು. ಫೋಟೋಗಳ ಅಗಲನ ಸೆಟ್ಟಿಂಗಲ್ಲಿ ಒಂದೇ ಕಡೆ ಸ್ವಲ್ಪ ಕಮ್ಮಿ ಮಾಡಿ ಮತ್ತೆ ಓಡಿಸ್ದೆ, 160ಕ್ಕೆ ಕೂತ್ಕೊಳ್ತು, ಹತ್ತು ಫಾರಂ. ಅವತ್ತೇ ಸಂಜೆ ಪ್ರೂಫ್ ಮಾವನ ಕೈಗೆ ಕೊಟ್ಟೆ.